ನಲವತ್ತರ ಆಸುಪಾಸಿನಲ್ಲಿ ಕರಾಟೆ ಸೇರುವವರಿಗೆ: ಏನು ಸಿಗುತ್ತದೆ, ಯಾವಾಗ ಸಿಗುತ್ತದೆ

"ನನಗೀಗ ನಲವತ್ತೆರಡು. ಈಗ ಸೇರಿದರೆ ಆಗುತ್ತಾ?" "ಮಗಳನ್ನು ಕರಾಟೆ ಕ್ಲಾಸಿಗೆ ಬಿಟ್ಟು ಹೊರಗೆ ಸುಮ್ನೆ ಮೊಬೈಲ್ ನೋಡ್ತಾ ಕೂತಿರ್ತೀನಿ. ನಾನೂ ಒಳಗೆ ಹೋಗಬಹುದಾ?" "ಹೋದರೆ ನನಗೇನು ಸಿಗುತ್ತೆ?" ಈ ಮೂರು ಪ್ರಶ್ನೆಗಳನ್ನು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಉತ್ತರವನ್ನೆಲ್ಲ ಒಂದೇ ಕಡೆ ಬರೆದುಬಿಡುತ್ತಿದ್ದೇನೆ.

ಆಗುತ್ತದೆ. ನಾನು ಸೇರಿದ್ದು ಮೂವತ್ತೊಂಬತ್ತಕ್ಕೆ, ಬಗ್ಗಿದರೆ ಬೆರಳು ಮೊಣಕಾಲು ದಾಟದ ಸ್ಥಿತಿಯಲ್ಲಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಇದರ ಲಾಭಗಳು ತಮ್ಮದೇ ಸರದಿಯಲ್ಲಿ ಬರುತ್ತವೆ. ನೀವು ಯಾವುದನ್ನು ಬಯಸಿ ಸೇರುತ್ತೀರೋ ಅದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ. ಬೀದಿಯಲ್ಲಿ ಯಾರಾದರೂ ಮೈಮೇಲೆ ಬಂದರೆ ನೋಡಿಕೊಳ್ಳಬೇಕು ಅಂತ ಬಂದವರಿಗೆ ಮೊದಲು ಸಿಗುವುದು ತೊಡೆ ನೋವು, ಆಮೇಲೆ ಒಳ್ಳೆ ನಿದ್ದೆ. ಈ ಸರದಿ ಗೊತ್ತಿಲ್ಲದವರು ಮೂರನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ.

1. ಯಾವ ಕಲೆ ಅಂತ ತೀರ್ಮಾನಿಸಿ, ಆದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ

ಈ ಲೇಖನ ಕರಾಟೆಯ ಸುತ್ತ ಇರುವುದಕ್ಕೆ ಕಾರಣ ಸರಳ. ನಮ್ಮ ತಾಲೂಕು ಊರುಗಳಲ್ಲೂ ಅದು ಸಿಗುತ್ತದೆ. ಶಾಲೆಯ ಮೈದಾನದಲ್ಲೋ, ಕಲ್ಯಾಣ ಮಂಟಪದ ಮಹಡಿಯಲ್ಲೋ, ಪಾರ್ಕಿನ ಮೂಲೆಯಲ್ಲೋ ಸಂಜೆ ಬಿಳಿ ಬಟ್ಟೆ ಹಾಕಿದ ಮಕ್ಕಳ ಸಾಲು ಕಂಡೇ ಕಾಣುತ್ತದೆ.

ಬೇರೆ ದಾರಿಗಳೂ ಇವೆ. ಬೀಳುವುದನ್ನು, ಹಿಡಿತವನ್ನು ಚೆನ್ನಾಗಿ ಕಲಿಯಬೇಕೆಂದರೆ ಜೂಡೊ. ಮೈ ಬಳುಕಬೇಕು, ಬೆನ್ನು ಸಡಿಲವಾಗಬೇಕು ಅಂದರೆ ಕಳರಿಪಯಟ್ಟು. ಕೇರಳದ ಈ ಕಲೆಯಲ್ಲಿ ಆಯುಧ ಮುಟ್ಟುವ ಮೊದಲು ಬರಿಯ ಮೈ ಹದಗೊಳಿಸುವ 'ಮೈತ್ತಾರಿ' ಎಂಬ ಹಂತವೇ ಬಹಳ ಕಾಲ ನಡೆಯುತ್ತದೆ. ಟೇಕ್ವಾಂಡೋದಲ್ಲಿ ಒದೆತ ಜಾಸ್ತಿ. ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿರುವವರು ಅಲ್ಲಿ ನಿಧಾನಿಸಬೇಕು. ಮೈಸೂರು, ದಾವಣಗೆರೆ, ಧಾರವಾಡದ ಕಡೆಯವರಿಗೆ ಗರಡಿ ಮನೆ ಇದೆ. ದಂಡ, ಬಸ್ಕಿ, ಗದೆ ತಿರುಗಿಸುವುದು, ಇಷ್ಟಕ್ಕೇ ಹೋಗಿ ಬರುವ ನಡುವಯಸ್ಸಿನವರೂ ಇದ್ದಾರೆ. ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಖಾಡಕ್ಕೆ, ಇಳಿಯಲೇಬೇಕು ಅಂತಿಲ್ಲ. ಹಳೆಯ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಅವಕಾಶ ಕಡಿಮೆ ಅನ್ನುವುದೊಂದು ಬೇಸರದ ಸಂಗತಿ.

ಮನೆಯಿಂದ ಹದಿನೈದು ನಿಮಿಷದೊಳಗೆ ಯಾವುದು ಸಿಗುತ್ತದೋ ಅದು. ಒಂದು ಗಂಟೆ ಟ್ರಾಫಿಕ್ಕಿನಲ್ಲಿ ಹೋಗಿ ಕಲಿಯುವ ಶ್ರೇಷ್ಠ ಕಲೆಗಿಂತ ಪಕ್ಕದ ಬೀದಿಯ ಸಾಧಾರಣ ಕ್ಲಾಸು ಮೇಲು.

2. ಡಾಕ್ಟರನ್ನು ಒಮ್ಮೆ ಕಾಣಿ

ಬಿಪಿ, ಶುಗರ್, ಹಳೆಯ ಬೆನ್ನು ನೋವು, ಮಂಡಿ ಸವೆತ ಇದ್ದರೆ ಹೇಳಿ ಕೇಳಿಕೊಳ್ಳಿ. ಎದೆ ನೋವು, ಉಬ್ಬಸ ಎಂದಾದರೂ ಕಾಣಿಸಿಕೊಂಡಿದ್ದರಂತೂ ಇದನ್ನು ತಪ್ಪಿಸಬೇಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬ್ಯಾಗಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಇಟ್ಟುಕೊಳ್ಳಿ. ಮಾಸ್ಟರಿಗೂ ವಿಷಯ ತಿಳಿಸಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

3. ಮಾಸ್ಟರನ್ನು ಹುಡುಕಿ

ಎಲ್ಲ ಹಂತಗಳಿಗಿಂತ ಮುಖ್ಯವಾದದ್ದು ಇದು. ಕರಾಟೆಯಲ್ಲಿ ಶೊಟೊಕಾನ್, ಗೊಜು ರ್‍ಯು, ಶಿಟೊ ರ್‍ಯು, ವಾಡೊ ರ್‍ಯು ಅಂತ ನಾಲ್ಕು ದೊಡ್ಡ ಶೈಲಿಗಳಿವೆ. 'ರ್‍ಯು' ಅಂದರೆ ಪಂಥ, ಪರಂಪರೆ. ಹೊಸಬರಿಗೆ ಯಾವ ಶೈಲಿಯಾದರೂ ಒಂದೇ. ಕಲಿಸುವವರು ಮಾತ್ರ ಒಂದೇ ಅಲ್ಲ.

ಸೇರುವ ಮೊದಲು ಒಂದು ಇಡೀ ಕ್ಲಾಸು ಕೂತು ನೋಡಿ. ನೋಡಲು ಬಿಡುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಮೈ ಬೆಚ್ಚಗಾಗುವ ವ್ಯಾಯಾಮಕ್ಕೆ ಹತ್ತು ಹದಿನೈದು ನಿಮಿಷ ಕೊಡುತ್ತಾರಾ ಅಥವಾ ಬಂದ ಕೂಡಲೇ ಒದೆಸುತ್ತಾರಾ? ತಪ್ಪನ್ನು ಹತ್ತಿರ ಬಂದು ತಿದ್ದುತ್ತಾರಾ, ದೂರದಲ್ಲಿ ನಿಂತು ಎಣಿಸುತ್ತಾರಾ ಅಷ್ಟೇನಾ? ಕೋಲು ಹಿಡಿದು ಹೊಡೆಯುತ್ತಾರಾ? ಹೆಣ್ಣುಮಕ್ಕಳನ್ನು ತಿದ್ದುವಾಗ ಮೊದಲು ಕೇಳಿ ಮುಟ್ಟುತ್ತಾರಾ? ದಪ್ಪಗಿರುವವರನ್ನು ಎಲ್ಲರೆದುರು ಆಡಿಕೊಳ್ಳುತ್ತಾರಾ? ಒಂದು ಗಂಟೆಯಲ್ಲಿ ಇಷ್ಟೂ ಗೊತ್ತಾಗುತ್ತದೆ.

ಇನ್ನೊಂದನ್ನೂ ಗಮನಿಸಿ. ಕೆಲವು ಕ್ಲಾಸುಗಳಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಾತುಕೋಳಿ ಥರ ನಡೆಸುತ್ತಾರೆ, ಹಾಗೇ ಕಪ್ಪೆ ಥರ ಹಾರಿಸುತ್ತಾರೆ. ಹದಿನಾಲ್ಕರ ಹುಡುಗನಿಗೆ ಅದು ಆಟ. ನಲವತ್ತರ ಮಂಡಿಗೆ ಬೇಡ. "ಸರ್, ಇದರ ಬದಲು ಅರ್ಧ ಬಸ್ಕಿ ಹೊಡೀತೀನಿ" ಅಂದರೆ ಒಪ್ಪುವವರು ಸರಿಯಾದ ಮಾಸ್ಟರು. "ನೋವಿಲ್ಲದೆ ಏನೂ ಬರಲ್ಲ" ಅನ್ನುವವರಿಂದ ದೂರ ಇರಿ.

ದುಡ್ಡಿನ ವಿಷಯವನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳಿ. ತಿಂಗಳ ಫೀಸು ಎಷ್ಟು, ಬೆಲ್ಟ್ ಪರೀಕ್ಷೆಗೆ ಎಷ್ಟು, ಬಟ್ಟೆ ಅವರಲ್ಲೇ ಕೊಳ್ಳಬೇಕಾ, ಟೂರ್ನಮೆಂಟಿಗೆ ಹೋಗಲೇಬೇಕಾ. ತಿಂಗಳ ಫೀಸು ಕಡಿಮೆ ಅಂತ ಸೇರಿ, ಮೂರು ತಿಂಗಳಿಗೊಮ್ಮೆ ಬರುವ ಪರೀಕ್ಷೆ ಫೀಸಿನಲ್ಲಿ ಕೈ ಸುಟ್ಟುಕೊಂಡವರು ಬಹಳ. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ಎಷ್ಟೇ ಡಿಸ್ಕೌಂಟ್ ಕೊಡಲಿ. ಕರಾಟೆ ಸಂಘಗಳು ಹಲವಾರು ಇವೆ, ಒಬ್ಬರ ಸರ್ಟಿಫಿಕೇಟನ್ನು ಇನ್ನೊಬ್ಬರು ಒಪ್ಪಬೇಕೆಂದಿಲ್ಲ. ಹೆಸರಿನಲ್ಲಿ 'ವರ್ಲ್ಡ್' ಅಂತ ಇದ್ದ ಮಾತ್ರಕ್ಕೆ ಬೆರಗಾಗಬೇಡಿ. ಒಂದು ವರ್ಷದಲ್ಲಿ ಬ್ಲಾಕ್ ಬೆಲ್ಟ್ ಕೊಡುತ್ತೇವೆ ಅನ್ನುವ ಕಡೆ ಬೆಲ್ಟ್ ಮಾರುತ್ತಾರೆ, ಕರಾಟೆ ಕಲಿಸುವುದಿಲ್ಲ.

4. ಬೇಕಾದ ಸಾಮಾನು

ಮೊದಲ ತಿಂಗಳು ಟ್ರ್ಯಾಕ್ ಪ್ಯಾಂಟು, ಟೀ ಶರ್ಟು, ನೀರಿನ ಬಾಟಲಿ, ಒಂದು ಟವೆಲ್ಲು ಸಾಕು. ಮುಂದುವರಿಸುವುದು ಖಾತ್ರಿಯಾದ ಮೇಲೆ 'ಗಿ' ಕೊಳ್ಳಿ. ಬಿಳಿ ಅಂಗಿ ಮತ್ತು ಪ್ಯಾಂಟಿನ ಜೋಡಿಗೆ ಹಾಗೆನ್ನುತ್ತಾರೆ. ಹತ್ತಿಯದ್ದಾದರೆ ಒಗೆದ ಮೇಲೆ ಕುಗ್ಗುತ್ತದೆ, ಒಂದು ಅಳತೆ ದೊಡ್ಡದೇ ಇರಲಿ.

ಈ ಬಟ್ಟೆ, ಈ ಬೆಲ್ಟು ಕರಾಟೆಯ ಸ್ವಂತದ್ದಲ್ಲ, ಜೂಡೊದಿಂದ ಬಂದದ್ದು. ಕಾನೊ ಜಿಗೊರೊ 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆ ತೆರೆದು ಜೂಡೊ ಶುರು ಮಾಡಿದರು. ಬೆಲ್ಟಿನ ಪದ್ಧತಿ ಅಲ್ಲಿಯದು. ಓಕಿನಾವಾ ದ್ವೀಪದ ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೋಗೆ ಬಂದು ಕರಾಟೆ ತೋರಿಸಿದ ನಂತರ ಅದನ್ನೇ ಇವರೂ ಅಳವಡಿಸಿಕೊಂಡರು.

ಅಂಗಿಯ ಎಡಭಾಗ ಬಲಭಾಗದ ಮೇಲೆ ಬರಬೇಕು. ಜಪಾನಿನಲ್ಲಿ ಬಲಭಾಗ ಮೇಲೆ ಮಾಡಿ ಉಡಿಸುವುದು ಹೆಣಕ್ಕೆ. ಇದನ್ನು ಕೇಳಿದ ಮೇಲೆ ಯಾರೂ ಮರೆಯುವುದಿಲ್ಲ.

ಬೆಲ್ಟ್ ಕಟ್ಟುವುದು ಹೀಗೆ. ಅದರ ನಟ್ಟನಡುವನ್ನು ಹೊಕ್ಕಳ ಸ್ವಲ್ಪ ಕೆಳಗೆ ಇಡಿ. ಎರಡೂ ತುದಿಗಳನ್ನು ಬೆನ್ನ ಹಿಂದೆ ಒಂದರ ಮೇಲೊಂದು ದಾಟಿಸಿ ಮುಂದಕ್ಕೆ ತನ್ನಿ. ಮೇಲೆ ಬಂದ ತುದಿಯನ್ನು ಎರಡೂ ಸುತ್ತಿನ ಅಡಿಯಿಂದ ತೂರಿಸಿ ಮೇಲಕ್ಕೆ ಎಳೆಯಿರಿ. ಈಗ ಎರಡು ತುದಿಗಳನ್ನೂ ಸೇರಿಸಿ ಗಂಟು ಹಾಕಿ. ಗಂಟು ಅಡ್ಡಕ್ಕೆ ಕೂತು, ತುದಿಗಳು ಎರಡೂ ಬದಿಗೆ ಸಮನಾಗಿ ಇಳಿದರೆ ಸರಿ. ಒಂದು ತುದಿ ಮೇಲೆ, ಒಂದು ಕೆಳಗೆ ನಿಂತರೆ ಕೊನೆಯ ಗಂಟನ್ನು ತಿರುವುಮುರುವು ಹಾಕಿದ್ದೀರಿ. ಮೊದಲ ವಾರ ಯಾರಾದರೂ ಎಂಟು ವರ್ಷದ ಪುಟಾಣಿ ಬಂದು ನಿಮಗೆ ಕಟ್ಟಿಕೊಡುತ್ತದೆ. ನಾಚಿಕೆ ಬೇಡ.

ಸಾಲಿನಲ್ಲಿ ನಿಲ್ಲುವುದೂ ವಯಸ್ಸಿನ ಪ್ರಕಾರ ಅಲ್ಲ, ಬೆಲ್ಟಿನ ಪ್ರಕಾರ. ಬಿಳಿ ಬೆಲ್ಟಿನ ನೀವು ಕೊನೆಗೆ, ಆ ಪುಟಾಣಿ ನಿಮಗಿಂತ ಮುಂದೆ. ಆಫೀಸಿನಲ್ಲಿ ಹತ್ತು ಜನಕ್ಕೆ ಹೇಳಿ ಮಾಡಿಸುವವರಿಗೆ ಇದು ಮೊದಮೊದಲು ಇರುಸುಮುರುಸು. ನನಗಂತೂ ಇಡೀ ದಿನದಲ್ಲಿ ಯಾರೂ ನನ್ನ ತೀರ್ಮಾನ ಕೇಳದ ಒಂದೇ ಗಂಟೆ ಅದು. ಇದನ್ನು ಲಾಭದ ಪಟ್ಟಿಯಲ್ಲಿ ಯಾರೂ ಹೇಳಿರಲಿಲ್ಲ.

5. ಮೊದಲ ತಿಂಗಳು: ಮುಷ್ಟಿ ಮತ್ತು ನಿಲುವು

ಎಣಿಕೆ ಜಪಾನಿ ಭಾಷೆಯಲ್ಲಿ: ಇಚಿ, ನಿ, ಸಾನ್, ಶಿ, ಗೊ, ರೊಕು, ಶಿಚಿ, ಹಚಿ, ಕ್ಯು, ಜು. ಎರಡೇ ಕ್ಲಾಸಿನಲ್ಲಿ ಬಾಯಿಗೆ ಬರುತ್ತದೆ.

ಮೊದಲು ಮುಷ್ಟಿ ಕಟ್ಟಲು ಕಲಿಯಿರಿ. ನಾಲ್ಕು ಬೆರಳನ್ನೂ ತುದಿಯಿಂದ ಬಿಗಿಯಾಗಿ ಸುತ್ತಿ ಮಡಚಿ. ಹೆಬ್ಬೆರಳು ಹೊರಗೆ, ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡಕ್ಕೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟು ಹೊಡೆದರೆ ಮುರಿಯುವುದು ನಿಮ್ಮದೇ ಬೆರಳು. ತಾಗಬೇಕಾದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು. ಮಣಿಕಟ್ಟು ನೆಟ್ಟಗೆ ಇರಲಿ.

ಆಮೇಲೆ ನಿಲುವು. 'ಝೆನ್‌ಕುತ್ಸು ದಾಚಿ' ಅಂದರೆ ಮುಂಗಾಲು ಮಡಚಿ, ಹಿಂಗಾಲು ನೀಡಿ, ತಗ್ಗಿ ನಿಲ್ಲುವುದು. ಮುಂದಿನ ಮಂಡಿ ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಒಳಕ್ಕೆ ವಾಲಿದರೆ ಮಂಡಿಗೆ ಕೆಟ್ಟದು. ಹೊಸಬರಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು ಇದೇ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ತೀರಾ ತಗ್ಗಬೇಕು ಅಂತ ಹಟ ಬೇಡ, ವರ್ಷ ಕಳೆದಂತೆ ತಾನಾಗಿ ಇಳಿಯುತ್ತದೆ.

'ಕಿಯಾಯ್' ಅಂದರೆ ಹೊಡೆಯುವಾಗ ಹೊಟ್ಟೆಯಿಂದ ಹಾಕುವ ಕೂಗು. ಉಸಿರು ಹೊರಹಾಕಿ ಹೊಟ್ಟೆ ಬಿಗಿ ಮಾಡುವುದು ಅದರ ಕೆಲಸ. ನಡುವಯಸ್ಸಿನವರಿಗೆ ಎಲ್ಲಕ್ಕಿಂತ ಕಷ್ಟ ಇದು. ಒದೆಯಲು ಸಂಕೋಚವಿಲ್ಲ, ಕೂಗಲು ಸಂಕೋಚ. ಮೂರನೇ ವಾರ ಅದೂ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು, ಅದರ ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ. ವಾರಕ್ಕೆ ಮೂರು ಕ್ಲಾಸು ಅಂದರೆ 180 ನಿಮಿಷ ಆಯಿತು, ದಂಡ ಬಸ್ಕಿ ಅದರಲ್ಲೇ ಸೇರಿದೆ. ಮೊದಲ ತಿಂಗಳಲ್ಲಿ ಸಿಗುವ ಲಾಭ ಇಷ್ಟೇ: ರಾತ್ರಿ ಹಾಸಿಗೆಗೆ ಬಿದ್ದರೆ ನಿದ್ದೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕು ಅನಿಸದಿರುವುದು. ತೂಕ ಇಳಿಯುತ್ತದಾ ಅಂತ ಕೇಳಬೇಡಿ. ಕ್ಲಾಸು ಮುಗಿದ ಮೇಲೆ ಮೂಲೆ ಅಂಗಡಿಯಲ್ಲಿ ನಿಂತು ಎರಡು ಪ್ಲೇಟ್ ಗೋಬಿ ತಿಂದರೆ ಇಳಿಯಲ್ಲ.

ಎಚ್ಚರಿಕೆ: ಎರಡನೇ ವಾರದಲ್ಲಿ ನಾನು ಪಕ್ಕದ ಹುಡುಗ ತಲೆ ಮಟ್ಟಕ್ಕೆ ಒದ್ದದ್ದು ನೋಡಿ ನಾನೂ ಒದ್ದೆ. ತೊಡೆಯ ಹಿಂದೆ ಏನೋ ಪಟ್ ಅಂದಿತು. ಆರು ವಾರ ರಜೆ. ಮೊದಲ ಆರು ತಿಂಗಳು ನಿಮ್ಮ ಒದೆತ ಸೊಂಟಕ್ಕಿಂತ ಮೇಲೆ ಹೋಗುವುದು ಬೇಡ.

6. ಎರಡರಿಂದ ನಾಲ್ಕನೇ ತಿಂಗಳು: ಕಾತಾ

ಎದುರಾಳಿ ಇದ್ದಾನೆ ಅಂದುಕೊಂಡು ಒಬ್ಬರೇ ಮಾಡುವ ಚಲನೆಗಳ ನಿಗದಿತ ಸರಣಿಯೇ 'ಕಾತಾ'. ಶೊಟೊಕಾನಿನಲ್ಲಿ ಹೊಸಬರು ಕಲಿಯುವ ಹೇಯಾನ್ ಶೊದಾನ್‌ನಲ್ಲಿ 21 ಚಲನೆಗಳಿವೆ. ಓಕಿನಾವಾದ ಶಾಲೆಗಳಲ್ಲಿ ಕಲಿಸಲು ಇತೊಸು ಅಂಕೊ ಅವರು ಕಟ್ಟಿದ ಐದು ಕಾತಾಗಳಲ್ಲಿ ಇದೂ ಒಂದು. ಬೇರೆ ಶೈಲಿಗಳಲ್ಲಿ ಇದಕ್ಕೆ 'ಪಿನಾನ್' ಅಂತಲೇ ಹೆಸರು.

ನೋಡಿದರೆ ಸುಲಭ. ಎಡಕ್ಕೆ ತಿರುಗಿ ತಡೆ, ಮುಂದೆ ಹೆಜ್ಜೆ ಇಟ್ಟು ಗುದ್ದು. ಹಿಂದಕ್ಕೆ ತಿರುಗಿ ಮತ್ತೆ ತಡೆ. ನಡುಗೆರೆಯಲ್ಲಿ ಮುಂದೆ ಹೋಗುತ್ತಾ ಮುಖದ ಮಟ್ಟದಲ್ಲಿ ಮೂರು ತಡೆ, ಮೂರನೆಯದಕ್ಕೆ ಕಿಯಾಯ್. ಅಲ್ಲಿಂದ ಮುಕ್ಕಾಲು ಸುತ್ತು ತಿರುಗಬೇಕು. ಎಲ್ಲರೂ ದಾರಿ ತಪ್ಪುವುದು ಇಲ್ಲೇ. ಸಾಲಿನಲ್ಲಿರುವವರೆಲ್ಲ ಒಂದು ಕಡೆ, ನೀವೊಬ್ಬರೇ ಇನ್ನೊಂದು ಕಡೆ ಮುಖ ಮಾಡಿ ನಿಂತಿರುತ್ತೀರಿ. ಉಪಾಯ ಇಷ್ಟೇ, ಮೊದಲು ಹಿಂದಿನ ಕಾಲು ಎಲ್ಲಿಗೆ ಹೋಗಬೇಕು ಅಂತ ಕುತ್ತಿಗೆ ತಿರುಗಿಸಿ ನೋಡಿ, ಆಮೇಲೆ ಕಾಲು ಸರಿಸಿ, ಕೊನೆಗೆ ಸೊಂಟ. ಪೂರ್ತಿ ಸರಿಯಾಗಿ ಮಾಡಿದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. ಒಂದು ಅಡಿ ಆಚೆ ಈಚೆ ಆದರೆ ಯಾವುದೋ ಹೆಜ್ಜೆ ಗಿಡ್ಡವಾಗಿದೆ.

ಬಹಳ ವರ್ಷಗಳಿಂದ ಏನನ್ನೂ ಬಾಯಿಪಾಠ ಮಾಡದ ತಲೆಗೆ ಇದು ಒಳ್ಳೆ ಕೆಲಸ. ಕಾತಾ ಮಾಡುವಾಗ ಲೋನಿನ ಕಂತು ನೆನಪಾದರೆ ಮುಂದಿನ ಹೆಜ್ಜೆ ಮರೆತೇ ಹೋಗುತ್ತದೆ. ಕಣ್ಣು ಮುಚ್ಚಿ ಕೂತು ಧ್ಯಾನ ಮಾಡಲು ಆಗದ ನನ್ನಂಥವರಿಗೆ ಇದೇ ಸರಿ.

ಯೂಟ್ಯೂಬ್ ನೋಡಿ ಮುಂದಿನ ಕಾತಾ ಕಲಿತುಕೊಂಡು ಹೋಗಬೇಡಿ. ತಪ್ಪಾಗಿ ಕೂತದ್ದನ್ನು ಬಿಡಿಸುವುದು ಹೊಸದು ಕಲಿಯುವುದಕ್ಕಿಂತ ಕಷ್ಟ.

7. ಬೀಳುವುದನ್ನು ಕಲಿಯಿರಿ, ಕ್ಲಾಸಿನಲ್ಲಿ ಹೇಳಿಕೊಡದಿದ್ದರೂ

ನನ್ನನ್ನು ಕೇಳಿದರೆ ಇಡೀ ಸಮರಕಲೆಯಲ್ಲಿ ನಮ್ಮಂಥವರಿಗೆ ನಿಜವಾಗಿ ದಿನನಿತ್ಯ ಉಪಯೋಗಕ್ಕೆ ಬರುವ ಒಂದು ವಿದ್ಯೆ ಇದು. ಜಗಳ ಬರಬಹುದು, ಬರದಿರಬಹುದು. ಒದ್ದೆ ಬಚ್ಚಲು, ಮಳೆಗಾಲದ ಪಾಚಿ ಕಟ್ಟಿದ ಅಂಗಳ, ಬೈಕು ಸ್ಕಿಡ್ ಆಗುವ ಜಲ್ಲಿ ರಸ್ತೆ, ಇವು ಬಂದೇ ಬರುತ್ತವೆ. ಜೂಡೊದಲ್ಲಿ ಇದನ್ನು 'ಉಕೆಮಿ' ಎನ್ನುತ್ತಾರೆ, ಅಲ್ಲಿ ಮೊದಲ ಪಾಠವೇ ಅದು. ಬಹಳ ಕರಾಟೆ ಕ್ಲಾಸುಗಳಲ್ಲಿ ಹೇಳಿಕೊಡುವುದಿಲ್ಲ. ಮಾಸ್ಟರನ್ನು ಕೇಳಿ, ಇಲ್ಲವಾದರೆ ಒಂದು ತಿಂಗಳು ಜೂಡೊ ಕ್ಲಾಸಿಗೆ ಹೋಗಿ ಬನ್ನಿ.

ಹಿಂದಕ್ಕೆ ಬೀಳುವುದರ ಕ್ರಮ ಇದು. ದಪ್ಪ ಮ್ಯಾಟ್ ಬೇಕು, ಪಕ್ಕದಲ್ಲಿ ಗೊತ್ತಿರುವವರು ಇರಬೇಕು.

ಮೊದಲು ಅಂಗಾತ ಮಲಗಿ. ತಲೆ ಎತ್ತಿ ಗದ್ದವನ್ನು ಎದೆಗೆ ಒತ್ತಿಕೊಂಡು ಬೆಲ್ಟಿನ ಗಂಟು ನೋಡಿ. ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿ ಹಾಕಿ ಎತ್ತಿ, ಅಂಗೈ ಕೆಳಗೆ ಮಾಡಿ ಮೈಯಿಂದ ಸ್ವಲ್ಪ ದೂರದಲ್ಲಿ ಮ್ಯಾಟಿಗೆ ಪಟಾರ್ ಅಂತ ಬಡಿಯಿರಿ, ಬಡಿಯುವಾಗ ಉಸಿರು ಬಿಡಿ. ಅಂಗೈ ಮಾತ್ರವಲ್ಲ, ಮೊಣಕೈವರೆಗಿನ ಇಡೀ ತೋಳು ಒಟ್ಟಿಗೆ ತಾಗಬೇಕು. ಇದು ರೂಢಿಯಾದ ಮೇಲೆ, ಕುಕ್ಕರಗಾಲಿನಲ್ಲಿ ಕೂತು ಬೆನ್ನನ್ನು ಚೆಂಡಿನಂತೆ ಬಾಗಿಸಿ ಹಿಂದಕ್ಕೆ ಉರುಳಿ ಇದನ್ನೇ ಮಾಡಿ. ವಾರಗಳು ಕಳೆದ ಮೇಲೆ ನಿಂತು.

ತಪ್ಪು ಎರಡೇ. ಗದ್ದ ಎದೆಯಿಂದ ಬಿಟ್ಟರೆ ತಲೆಯ ಹಿಂಭಾಗ ನೆಲಕ್ಕೆ ಹೊಡೆಯುತ್ತದೆ. ಬೀಳುವಾಗ ಕೈಯನ್ನು ಹಿಂದಕ್ಕೆ ಊರಿದರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬಂದು ಅದು ಮುರಿಯುತ್ತದೆ. ಕೈ ಊರುವುದು ಹುಟ್ಟುಗುಣ. ಅದನ್ನು ಬಿಡಿಸಲು ನೂರಾರು ಸಲ ಬೀಳಬೇಕು. ಮೂಳೆ ಸವೆತ ಇದೆಯೆಂದು ಡಾಕ್ಟರು ಹೇಳಿದವರು ಇದನ್ನು ಪ್ರಯತ್ನಿಸಬೇಡಿ.

8. ಆರನೇ ತಿಂಗಳ ಸುಮಾರಿಗೆ: ಎದುರಿಗೆ ಒಬ್ಬರು

'ಕುಮಿತೆ' ಅಂದರೆ ಜೋಡಿ ಅಭ್ಯಾಸ. ಹೊಸಬರಿಗೆ ಗೊಹೊನ್ ಕುಮಿತೆ, ಅಂದರೆ ಐದು ಹೆಜ್ಜೆಯದು. ಎದುರಿನವರು ಎಲ್ಲಿಗೆ ಹೊಡೆಯುತ್ತೇನೆ ಅಂತ ಮೊದಲೇ ಕೂಗಿ ಹೇಳುತ್ತಾರೆ. 'ಜೊದಾನ್' ಅಂದರೆ ಮುಖ, 'ಚುದಾನ್' ಅಂದರೆ ಎದೆ ಹೊಟ್ಟೆಯ ಮಟ್ಟ. ಐದು ಸಲ ಮುಂದೆ ಬಂದು ಗುದ್ದುತ್ತಾರೆ, ನೀವು ಹಿಂದೆ ಹೋಗುತ್ತಾ ತಡೆಯುತ್ತೀರಿ, ಐದನೆಯದಕ್ಕೆ ಒಂದು ಮರುಗುದ್ದು. ಎಲ್ಲ ಗೊತ್ತಿದ್ದೂ ಮುಷ್ಟಿ ಮುಖದ ಕಡೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಕಣ್ಣು ತೆರೆದಿಟ್ಟುಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಅಷ್ಟಾದ ಮೇಲೆ ಜೋರು ದನಿಯಲ್ಲಿ ಮೈಮೇಲೆ ಬರುವವರ ಎದುರು ಎದೆ ಮೊದಲಿನಷ್ಟು ಹೊಡೆದುಕೊಳ್ಳಲ್ಲ.

ಹಲ್ಲಿನ ಗಾರ್ಡು, ಕೈಗೆ ಮೆತ್ತೆ ಇಲ್ಲದೆ ಬಿಡುಬೀಸಿನ ಕಾದಾಟಕ್ಕೆ ಇಳಿಯಬೇಡಿ. ಉಗುರು ಕತ್ತರಿಸಿ, ಉಂಗುರ, ಬಳೆ, ಸರ, ಕಿವಿಯೋಲೆ ತೆಗೆದಿಡಿ.

ಇನ್ನು ಆತ್ಮರಕ್ಷಣೆ. ಆರು ತಿಂಗಳ, ಒಂದು ವರ್ಷದ ಕರಾಟೆ ನಿಮ್ಮನ್ನು ಚಾಕು ಹಿಡಿದವನಿಂದ ಕಾಪಾಡುವುದಿಲ್ಲ. ಚಾಕು ಕಂಡರೆ ಪರ್ಸು ಎಸೆದು ಓಡಬೇಕು, 112ಕ್ಕೆ ಫೋನ್ ಮಾಡಬೇಕು. ಅಭ್ಯಾಸದಿಂದ ಸಿಗುವುದು ಬೇರೆ. ಎದುರಿನವರು ಕೈಚಾಚಿದರೆ ತಲುಪುವಷ್ಟು ಹತ್ತಿರ ಬಂದರಾ ಅನ್ನುವುದು ಯೋಚಿಸದೆಯೇ ಗೊತ್ತಾಗುತ್ತದೆ. ಇದಕ್ಕೆ 'ಮಾ ಆಯ್' ಎನ್ನುತ್ತಾರೆ, ಇಬ್ಬರ ನಡುವಿನ ಅಂತರ. ಅರ್ಧ ಹೆಜ್ಜೆ ಹಿಂದೆ ಸರಿಯುವುದು ಅಲ್ಲಿಂದ ಬರುತ್ತದೆ. ಕಾನೂನೂ ತಿಳಿದಿರಲಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ ರಕ್ಷಣೆಗೆ ಬೇಕಾದಷ್ಟಕ್ಕೆ ಮಾತ್ರ. ಬಿದ್ದವನನ್ನು ಮತ್ತೆ ಒದ್ದರೆ ಕೇಸು ನಿಮ್ಮ ಮೇಲೆ.

ಸಿಟ್ಟು ಕಡಿಮೆಯಾಗುತ್ತದಾ? ಕೆಲವರಿಗೆ ಆಗುತ್ತದೆ. ಕೆಲವರು ಕೈ ತುರಿಸಿಕೊಂಡು ಓಡಾಡುವುದನ್ನೂ ಕಂಡಿದ್ದೇನೆ. ಅದು ಹೆಚ್ಚಾಗಿ ಮಾಸ್ಟರ ಸ್ವಭಾವದ ಮೇಲೆ ಹೋಗುತ್ತದೆ. ಮೂರನೇ ಹಂತವನ್ನು ಅಷ್ಟುದ್ದ ಬರೆದದ್ದು ಅದಕ್ಕೇ.

9. ಬೆಲ್ಟ್ ಪರೀಕ್ಷೆ, ಮತ್ತು ನಡುವೆ ಬಿಟ್ಟವರು

'ಕ್ಯು' ಎಂಬ ದರ್ಜೆಗಳು ಸಾಮಾನ್ಯವಾಗಿ 10ರಿಂದ 1ಕ್ಕೆ ಇಳಿಯುತ್ತವೆ, ಆಮೇಲೆ 'ದಾನ್' 1ರಿಂದ ಮೇಲಕ್ಕೆ. ನಡುವಿನ ಬಣ್ಣಗಳ ಕ್ರಮ ಸಂಘದಿಂದ ಸಂಘಕ್ಕೆ ಬದಲಾಗುತ್ತದೆ. ಮೊದಲ ಬ್ಲಾಕ್ ಬೆಲ್ಟಿಗೆ 'ಶೊದಾನ್' ಅಂತ ಹೆಸರು, ಅದರಲ್ಲಿ 'ಶೊ' ಅಂದರೆ ಆರಂಭ. ವಾರಕ್ಕೆ ಮೂರು ದಿನ ಹೋಗುವವರಿಗೆ ಅಲ್ಲಿಗೆ ಮುಟ್ಟಲು ನಾಲ್ಕೈದು ವರ್ಷ ಬೇಕಾಗಬಹುದು. ಪರೀಕ್ಷೆಗೆ ಪ್ರತಿ ಸಲ ಕೂರಲೇಬೇಕೆಂದಿಲ್ಲ. "ಈ ಸಲ ಬೇಡ ಸರ್" ಅನ್ನಬಹುದು.

ಮಗುವಿನ ಪರೀಕ್ಷೆ, ಊರ ಹಬ್ಬ, ಆಡಿಟ್ ಅಂತ ಎರಡು ತಿಂಗಳು ತಪ್ಪಿಸಿಕೊಂಡಿದ್ದೀರಾ? ಎಲ್ಲರಿಗೂ ಆಗುತ್ತದೆ. ವಾಪಸ್ ಹೋಗುವ ದಿನ ಮೊದಲೇ ಫೋನ್ ಮಾಡಬೇಡಿ, ಕಾರಣ ಹುಡುಕಿಕೊಳ್ಳಬೇಡಿ. ಗಿ ಒಗೆದು ಇಟ್ಟಿದ್ದರೆ ಹಾಕಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಲ್ಲಿ. ಮೊದಲ ವಾರ ಅರ್ಧದಷ್ಟೇ ಮಾಡಿ. ಹಳೇ ಸೇರ್ಪಡೆ ಫೀಸು ಮತ್ತೆ ಕೇಳಿದರೆ ಕೊಡಬೇಡಿ.